ಅಪ್ಪ ನಡೆದದ್ದೇ ತಪ್ಪಾಯಿತು

"ಚೆನ್ನಾಗೇ ನಡೀತಾರಲ್ಲಮ್ಮಾ" ಅಂದರು ಡಾಕ್ಟರು. ಅಷ್ಟೇ. ಏನೋ ಬರೆದರು, ಸಹಿ ಹಾಕಿದರು, ಮುಂದಿನವರನ್ನು ಕರೆದರು. ಅಪ್ಪನ ಅಂಗವೈಕಲ್ಯ ಮತ್ತೆ ಅದೇ ಶೇಕಡಾ 36.

ಬಸ್ ಇಳಿದು ಮನೆಗೆ ಬಂದು ಎರಡು ಗಂಟೆ ಆಯಿತು. ಅನ್ನಕ್ಕೆ ಇಟ್ಟು ನಿಂತಿದ್ದೇನೆ, ಕಿವಿಯಲ್ಲಿ ಆ ಮಾತೇ ಇದೆ. ಯಾವ ಜಾಗ, ಯಾರು ಅಂತ ಬರೆಯಲ್ಲ. ನಾಳೆ ಮತ್ತೆ ಅದೇ ಬಾಗಿಲಿಗೆ ಹೋಗಬೇಕಲ್ಲ.

40 ಇದ್ದರೆ ತಿಂಗಳಿಗೆ 800 ರೂಪಾಯಿ ಮಾಸಾಶನ. 36 ಇದ್ದರೆ ಏನೂ ಇಲ್ಲ, ಬಸ್ ಪಾಸ್ ಕೂಡ ಇಲ್ಲ. ಮೊದಲ ಸಲ 36 ಬಂದಾಗ 40ಕ್ಕಿಂತ ಕಡಿಮೆ ಇರುವವರಿಗೆ ಕೊಡುವ ಬಿಳಿ ಗುರುತಿನ ಕಾರ್ಡ್ ಕೈಗೆ ಬಂತು, ಮಾಸಾಶನದ ಅರ್ಜಿ ತಿರಸ್ಕಾರ ಆಯಿತು. ಸುಮ್ನೆ ಇರಬೇಡಿ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 59ನೇ ಸೆಕ್ಷನ್‌ನಲ್ಲಿ ಮೇಲ್ಮನವಿ ಹಾಕಬಹುದು ಅಂತ ಹೇಳಿದ್ದು ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡಿಕೊಳ್ಳುವ ವಿ.ಆರ್.ಡಬ್ಲ್ಯೂ. ಅಣ್ಣ. ಅವರೂ ಕೋಲು ಹಿಡಿದೇ ನಡೆಯುವವರು. ಅರ್ಜಿಯನ್ನು ಅವರೇ ಕೂತು ಬರೆದುಕೊಟ್ಟರು. ಐದು ತಿಂಗಳು ಓಡಾಡಿದ ಮೇಲೆ ಇವತ್ತು ಮರುಪರೀಕ್ಷೆ.

ಬೆಳಿಗ್ಗೆ ನಾನು ತವರಿಗೆ ಹೋಗುವಷ್ಟರಲ್ಲಿ ಅಪ್ಪ ಗಡ್ಡ ಕೆರೆದುಕೊಂಡು, ಬಿಳಿ ಶರಟು ಹಾಕಿ ಕೂತಿದ್ದರು. ಹಿಂದಿನ ವಾರ ನಾನೇ ಇಸ್ತ್ರಿ ಮಾಡಿಟ್ಟಿದ್ದ ಶರಟು. ಡಾಕ್ಟರ ಮುಂದೆ ಹೋಗುವಾಗ ನೀಟಾಗಿ ಇರಬೇಕು ಅಂದರು. ಆಟಿ ತಿಂಗಳ ಮಳೆ, ಕೊಡೆ ಹಿಡಿದರೂ ಒದ್ದೆ. ಸರ್ಕಾರಿ ಬಸ್ಸಿನಲ್ಲಿ ಗಟ್ಟಿ ಕಾಲಿನ ನನಗೆ ಟಿಕೆಟ್ ಫ್ರೀ, ಅಪ್ಪನಿಗೆ ಪೂರ್ತಿ ದುಡ್ಡು. ಇರಲಿ, ಅದು ಬೇರೆ ವಿಷಯ.

ಪರೀಕ್ಷೆ ಮಾಡುವ ಡಾಕ್ಟರುಗಳ ಬೋರ್ಡ್ ಕೂರುವುದು ಮಹಡಿಯ ಮೇಲೆ. 22 ಮೆಟ್ಟಿಲು. ಒಂದೊಂದು ಮೆಟ್ಟಿಲಿಗೂ ಅಪ್ಪ ನಿಂತರು, ಅದಕ್ಕೇ ಲೆಕ್ಕ ಸಿಕ್ಕಿತು. ಲಿಫ್ಟ್ ಇಲ್ಲ, ರ‍್ಯಾಂಪ್ ಇಲ್ಲ. ಸರ್ಕಾರಿ ಕಟ್ಟಡಗಳನ್ನೆಲ್ಲ ನಿಯಮ ಬಂದ ಐದು ವರ್ಷದೊಳಗೆ ಸರಿ ಮಾಡಬೇಕು ಅಂತ ಅದೇ ಕಾಯ್ದೆಯಲ್ಲಿದೆ. ನಿಯಮ ಬಂದಿದ್ದು 2017ರಲ್ಲಿ. ಅಂಗವಿಕಲರನ್ನು ಪರೀಕ್ಷೆ ಮಾಡುವ ಕೋಣೆಯನ್ನೇ ಮಹಡಿ ಮೇಲೆ ಇಟ್ಟವರಿಗೆ ಏನು ಹೇಳೋದು?

ಬಾಗಿಲು ತೆರೆದೇ ಇತ್ತು. ಹೊರಗಿನ ಸಾಲಿನಲ್ಲಿ ನಿಂತವರಿಗೆಲ್ಲ ಕಾಣುತ್ತಿತ್ತು. ಪಂಚೆ ಮೇಲೆತ್ತಿ ಅಂದರು. ಎತ್ತಿದರು. ಇನ್ನೂ ಮೇಲೆ ಅಂದರು. ಒಂದು ಚಿಕ್ಕ ಹುಡುಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಪ್ಪನ ಕಿವಿ ಕೆಂಪಾಯಿತು. ಕೋಲು ಪಕ್ಕಕ್ಕಿಡಿ, ಗೋಡೆವರೆಗೆ ನಡೀರಿ ಅಂದರು.

ನನ್ನ ಅಪ್ಪ ನಡೆದರು.

ಮನೆಯಲ್ಲಿ ಒಂದು ದಿನವೂ ಹಾಗೆ ನಡೆದಿಲ್ಲ. ಬೆನ್ನು ನೆಟ್ಟಗೆ ಮಾಡಿ, ಹಲ್ಲು ಕಚ್ಚಿ, ಆರು ಹೆಜ್ಜೆ ಹೋದರು. ಗೋಡೆ ಸಿಕ್ಕಿದರೂ ಮುಟ್ಟಲಿಲ್ಲ. ತಿರುಗಿದರು. ಆರು ಹೆಜ್ಜೆ ವಾಪಸ್ ಬಂದರು. ಶಾಲೆಯಲ್ಲಿ ಮೇಷ್ಟ್ರು ಹೆಸರು ಕರೆದಾಗ ಮಗು ಎದ್ದು ನಿಲ್ಲುತ್ತದಲ್ಲ, ಹಾಗೆ ನಿಂತರು. ನನ್ನ ಕಡೆ ನೋಡಿ ನಕ್ಕರು. ಬೀಳಲಿಲ್ಲ ನೋಡು ಅನ್ನುವ ಹಾಗೆ.

ಆಗಲೇ ಆ ಮಾತು ಬಂದಿದ್ದು, ಚೆನ್ನಾಗೇ ನಡೀತಾರಲ್ಲಮ್ಮಾ ಅಂತ.

ನಾನು ಬಾಯಿ ಬಿಡಲಿಲ್ಲ. ಏನು ಹೇಳಬೇಕಿತ್ತು? ಅಪ್ಪಾ, ಬೀಳಿ ಅನ್ನಬೇಕಿತ್ತಾ? ಹರಿದ ಬನಿಯನ್ ಹಾಕಿಸಿ ಕರೆದುಕೊಂಡು ಹೋಗಬೇಕಿತ್ತಾ?

ಶೇಕಡಾವಾರು ಹಾಕುವುದಕ್ಕೆ ಕೇಂದ್ರ ಸರ್ಕಾರದ ಮಾರ್ಗಸೂಚಿ ಇದೆ. ಪಂಚಾಯಿತಿಯ ಆ ಅಣ್ಣ ಅದನ್ನು ಓದಿ ಹೇಳಿದ್ದರು. ಕೀಲು ಎಷ್ಟು ಮಡಚುತ್ತದೆ ಅಂತ ಅಳೆಯಬೇಕು. ಸಮ ನೆಲದಲ್ಲಿ ಮಾತ್ರ ಅಲ್ಲ, ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ನೋವಿರುವ ಕಾಲಿನ ಮೇಲೆ ನಿಲ್ಲುವುದು, ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಮಂಡಿಯೂರುವುದು ಎಲ್ಲ ನೋಡಬೇಕು. ಇವರು ನೋಡಿದ್ದು ಟೈಲ್ಸ್ ಮೇಲೆ ಹನ್ನೆರಡು ಹೆಜ್ಜೆ! ಟೈಲ್ಸ್ ಹಾಕಿದ ಸಮ ನೆಲ ನಮ್ಮ ಕೊಡಗಿನಲ್ಲಿ ಎಲ್ಲಿದೆ ಸ್ವಾಮೀ? ರಸ್ತೆಯಿಂದ ಅಪ್ಪನ ಮನೆಗೆ ಏರು, ಬಾವಿಗೆ ಇಳಿತ. ಮಳೆಗಾಲ ಪೂರ್ತಿ ಪಾಚಿ. ಒಂದು ಸಲ ಅಲ್ಲಿ ನಡೆಸಿ ನೋಡಿ.

ಒಳ್ಳೆಮೆಣಸು ಕೊಯ್ಯುವಾಗ ಏಣಿ ಜಾರಿತ್ತು. ತೊಡೆಯ ಮೂಳೆ ಹೇಗೋ ಕೂಡಿತು, ಮಂಡಿ ಮಡಚಲೇ ಇಲ್ಲ. ಕಕ್ಕಸಿಗೆ ಹೋಗಲು ನಡುವೆ ತೂತು ಮಾಡಿದ ಪ್ಲಾಸ್ಟಿಕ್ ಕುರ್ಚಿ ಬೇಕು. ಕಳೆದ ಹುತ್ತರಿ ಸುಗ್ಗಿ ಹಬ್ಬಕ್ಕೆ ಗದ್ದೆಗೆ ಇಳಿಯಲಾಗದೆ ಬದುವಿನ ಮೇಲೆ ನಿಂತೇ "ಪೊಲಿ ಪೊಲಿಯೇ" ಕೂಗಿದರು. ಇದನ್ನೆಲ್ಲ ಯಾವ ಕಾಲಂನಲ್ಲಿ ಬರೆಯುತ್ತಾರೆ?

ಬಿಟ್ಟುಬಿಡೋಣ ಅನ್ನಿಸುತ್ತದೆ. ಬಸ್ಸು, ಆಟೋ, ಜೆರಾಕ್ಸ್ ಅಂತ ನಾಲ್ಕು ತಿಂಗಳ ಮಾಸಾಶನದಷ್ಟು ಆಗಲೇ ಹೋಗಿದೆ. ಡಾಕ್ಟರೂ ಕೆಟ್ಟವರಲ್ಲ ಇರಬಹುದು, ಸಾಲು ಅಷ್ಟು ಉದ್ದ ಇತ್ತು. ನಮ್ಮ ಹಣೆಬರಹ ಅಂದುಕೊಂಡು ಸುಮ್ಮನಾಗಬೇಕು.

ಇಲ್ಲ, ಯಾಕೆ ಸುಮ್ಮನಾಗಬೇಕು? ವರ್ಷಕ್ಕೆ 32,000ದೊಳಗೆ ಆದಾಯ ಇದೆ ಅಂತ ಸರ್ಕಾರವೇ ಸರ್ಟಿಫಿಕೇಟ್ ಕೊಟ್ಟಿದೆ. ಆ ಮನೆಗೆ 800 ಅಂದರೆ ಅಪ್ಪನ ಮಾತ್ರೆ, ಅವ್ವನ ಮುಂದೆ ಕೈ ಚಾಚದೆ ಕುಡಿಯುವ ಒಂದು ಚಾ. ಅವರು ಭಿಕ್ಷೆ ಕೇಳುತ್ತಿಲ್ಲ. ಮೂವತ್ತು ವರ್ಷ ಬೇರೆಯವರ ತೋಟದಲ್ಲಿ ಏಣಿ ಹತ್ತಿದ ಮನುಷ್ಯ.

ಯಾರಾದರೂ ಉತ್ತರ ಕೊಡಿ. 36 ಎಲ್ಲಿಂದ ಬಂತು? ಮಂಡಿಗೆ ಎಷ್ಟು ಹಾಕಿದಿರಿ, ಮೆಟ್ಟಿಲಿಗೆ ಎಷ್ಟು, ಇಳಿಜಾರಿಗೆ ಎಷ್ಟು? ಅಳೆದಿದ್ದರೆ ಆ ಹಾಳೆ ತೋರಿಸಿ. ಅಳೆಯದೆ ಎರಡು ಸಲವೂ ಒಂದೇ ನಂಬರು ಹೇಗೆ ಬರುತ್ತದೆ? ಇದಾದ ಮೇಲೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಿದ್ದವರು ಇದ್ದರೆ ದಯವಿಟ್ಟು ಹೇಳಿ. ಎಲ್ಲಿಗಾದರೂ ಹೋಗುತ್ತೇನೆ.

ಈಗಷ್ಟೇ ಅವ್ವ ಫೋನ್ ಮಾಡಿದ್ದಳು. ಅಪ್ಪ ಸಂಜೆಯಿಂದ ಕಾಲಿಗೆ ಬಿಸಿನೀರು ಹಾಕಿಸಿಕೊಂಡು ಮಲಗಿದ್ದಾರಂತೆ. "ಚೆನ್ನಾಗಿ ನಡೀತೀಯ ಅಂತ ಡಾಕ್ಟರು ಹೇಳಿದ್ರಂತೆ, ಅಲ್ವಾ?" ಅಂತ ಕೇಳಿದಳು. ಅವಳ ದನಿಯಲ್ಲಿ ಖುಷಿ ಇತ್ತು.

ಹೌದವ್ವಾ ಅಂದೆ. 36 ಅಂತ ಇನ್ನೂ ಹೇಳಿಲ್ಲ.