ಊಟದ ಮನೆಯಲ್ಲೇ ಬಾಣಂತನ

ಮರಕುಟಿಗ ಅಂದ ಕೂಡಲೇ ಹೊಳೆಯುವುದು ಕೆಂಪು ಜುಟ್ಟು, ಹೊನ್ನಿನ ಬೆನ್ನು. ಕಂದು ಮರಕುಟಿಗನಿಗೆ ಎರಡೂ ಇಲ್ಲ. ಮೈಯೆಲ್ಲ ಕಂದು, ರೆಕ್ಕೆ ಬಾಲಗಳಲ್ಲಿ ಕರಿ ಪಟ್ಟೆ. ಗಂಡಿಗೆ ಕಣ್ಣಿನ ಕೆಳಗೆ ಒಂಚೂರು ಕೆಂಪು, ಅದೂ ಹತ್ತಿರದಿಂದ ಕಂಡರೆ ಉಂಟು. ಉದ್ದ ಸುಮಾರು 25 ಸೆಂ.ಮೀ. ಹಿಮಾಲಯದ ತಪ್ಪಲು, ಪಶ್ಚಿಮ ಘಟ್ಟ, ಶ್ರೀಲಂಕಾ, ಆಚೆ ಬೋರ್ನಿಯೋ, ಎಲ್ಲ ಕಡೆಯೂ ಇದೆ. ನೋಡಲು ಸಾದಾ. ಆದರೆ ಇದರ ಸಂಸಾರದ ಕಥೆ ಕೇಳಿದರೆ ಚಂದದ ಮರಕುಟಿಗಗಳೆಲ್ಲ ಸಪ್ಪೆ ಅನ್ನಿಸುತ್ತವೆ.

ಇದರ ಮುಖ್ಯ ಊಟ ಇರುವೆ. ಅದರಲ್ಲೂ ಕ್ರೆಮಟೊಗ್ಯಾಸ್ಟರ್ ಎಂಬ ಗುಂಪಿನವು. ಸಿಟ್ಟು ಬಂದರೆ ಹಿಂಭಾಗವನ್ನು ತಲೆಯ ಮೇಲಕ್ಕೆ ಎತ್ತಿ ನಿಲ್ಲುವ ಇರುವೆಗಳಿವು. ಗಿಡದ ನಾರು ಅಗಿದು, ಮರದ ಕೊಂಬೆಗೆ ದೊಡ್ಡ ಉಂಡೆಯಂಥ ಗೂಡು ಕಟ್ಟುತ್ತವೆ. ಹಕ್ಕಿ ಬಂದು ಗೂಡನ್ನು ಕುಕ್ಕುತ್ತದೆ. ಹೊರಗೆ ನುಗ್ಗಿದವನ್ನೂ ಒಳಗಿನ ಮರಿಗಳನ್ನೂ ಅಂಟು ನಾಲಗೆಯಿಂದ ಎಳೆದುಕೊಳ್ಳುತ್ತದೆ. ಇರುವೆ ಬೇಜಾರಾದರೆ ಬೂರುಗದ, ಹಾಲುವಾಣದ ಹೂವಿನ ಮಕರಂದವೂ ಆಗುತ್ತದೆ.

ಇಲ್ಲಿಯವರೆಗೆ ಸರಿ, ಹಸಿದವರು ತಿಂದರು. ಆದರೆ ಮೊಟ್ಟೆಯಿಡುವ ಕಾಲ ಬಂತೆನ್ನಿ, ಈ ಜೋಡಿ ಅದೇ ಇರುವೆಗೂಡಿಗೆ ತೂತು ಕೊರೆದು ಒಳಗೊಂದು ಕೋಣೆ ಮಾಡಿಕೊಳ್ಳುತ್ತದೆ! ಅಲ್ಲೇ ಎರಡೋ ಮೂರೋ ಬಿಳಿ ಮೊಟ್ಟೆ, ಅಲ್ಲೇ ಕಾವು, ಅಲ್ಲೇ ಮರಿಗಳ ಪಾಲನೆ. ಬಾಡಿಗೆ ಕೊಡದೆ ಸತಾಯಿಸುವವರನ್ನು ಕೇಳಿದ್ದೇವೆ. ಮನೆಯ ಮಾಲೀಕರನ್ನೇ ತಿನ್ನುವ ಬಾಡಿಗೆದಾರರನ್ನು ಕೇಳಿದ್ದೀರಾ? ಮಿಕ್ಕ ಮರಕುಟಿಗಗಳು ಮರವನ್ನು ದಿನಗಟ್ಟಲೆ ಕೊರೆಯಬೇಕು. ಇದಕ್ಕೆ ಆ ಕಷ್ಟ ಇಲ್ಲ. ಕಚ್ಚುವ ಇರುವೆಗಳ ನಡುವೆ ಬೇರೆ ಯಾರು ಮೂಗು ತೂರಿಸಲೂ ಹೆದರಬೇಕು. ಬಿಟ್ಟಿ ಕಾವಲು ಅಂತ ನನ್ನ ಲೆಕ್ಕ.

ಹಾಗಂತ ಮರ ಕುಟ್ಟುವುದನ್ನು ಬಿಟ್ಟಿಲ್ಲ. ಆದರೆ ಅದು ಗೂಡಿಗಲ್ಲ, ಸುದ್ದಿ ಮುಟ್ಟಿಸಲು. ಜೋರಾಗಿ ಶುರು ಮಾಡುತ್ತದೆ, ಬರಬರುತ್ತಾ ನಿಧಾನವಾಗಿ, ಕೊನೆಗೆ ಎರಡು ಪೆಟ್ಟಿನ ನಡುವೆ ಇನ್ನೂ ಇದೆಯೋ ಮುಗಿಯಿತೋ ಅನ್ನುವಷ್ಟು ಬಿಡುವು. ಒಮ್ಮೆ ಕೇಳಿದರೆ ಬೇರೆ ಮರಕುಟಿಗ ಅಂದುಕೊಳ್ಳುವ ಪ್ರಶ್ನೆಯೇ ಇಲ್ಲ.

ಇರುವೆಗಳು ಸುಮ್ನೆ ಕೂತಿವೆ ಅಂದುಕೊಳ್ಳಬೇಡಿ. ಈ ಹಕ್ಕಿಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಎದೆ ಬಾಲದ ಗರಿಗಳ ಮೇಲೆ ಅಂಟಂಟು ಮೇಣ, ಅದರಲ್ಲಿ ಇರುವೆ ತಲೆಗಳು ಸಿಕ್ಕಿವೆ. ಕಚ್ಚಿದ ಹಲ್ಲು ಬಿಡಲಿಲ್ಲ, ದೇಹ ಮಾತ್ರ ಉದುರಿಹೋಗಿದೆ.