ಥೀಮ್ ಬರ್ತ್‌ಡೇ: ಗೋಡೆ ಬಿಡಿ, ನೆಲಕ್ಕಿಳಿಯಿರಿ

ಮೂರು-ನಾಲ್ಕು ವರ್ಷದ ಮಗುವಿನ ಎತ್ತರ ಹೆಚ್ಚುಕಡಿಮೆ 1 ಮೀಟರ್. ಕಣ್ಣಿರುವುದು 90 ಸೆಂಟಿಮೀಟರ್ ಆಸುಪಾಸಿನಲ್ಲಿ. ನಾವು ಮಾತ್ರ ಥೀಮ್ ಎಂದ ಕೂಡಲೇ ಸ್ಟೂಲ್ ಹತ್ತಿ ಗೋಡೆಯ ಮೇಲ್ಭಾಗವನ್ನು ಸಿಂಗರಿಸಲು ಶುರು ಮಾಡುತ್ತೇವೆ. ಫೋಟೊದಲ್ಲಿ ಅದು ಚೆನ್ನಾಗಿಯೇ ಬರುತ್ತದೆ. ಆದರೆ ಬಂದ ಮಕ್ಕಳು ಆ ಗೋಡೆಯನ್ನು ಎರಡನೇ ಸಲ ನೋಡುವುದಿಲ್ಲ. ಅವರು ಆಗಲೇ ಮೇಜಿನ ಕೆಳಗೆ ತೂರಿಕೊಂಡಿರುತ್ತಾರೆ.

ಮನೆಯಲ್ಲೇ, ಕಡಿಮೆ ದುಡ್ಡಿನಲ್ಲಿ ಥೀಮ್ ಪಾರ್ಟಿ ಮಾಡಬೇಕು ಅನ್ನುವವರು ಎಡವುವುದು ಇಲ್ಲೇ. ದುಬಾರಿ ಡೆಕೊರೇಶನ್ನಿನ ಅಗ್ಗದ ನಕಲು ಮಾಡಲು ಹೊರಡುತ್ತಾರೆ. ಅದು ನಕಲಿನ ಹಾಗೆಯೇ ಕಾಣುತ್ತದೆ, ದುಡ್ಡೂ ಉಳಿಯುವುದಿಲ್ಲ. ಮಕ್ಕಳಿಗೆ ಬೇಕಿರುವುದು ಬೇರೆ. ಒಳಗೆ ಹೊಕ್ಕು ಹೊರಬರುವಂಥ ಒಂದು ದೊಡ್ಡ ವಸ್ತು, ತಲೆಗೆ ಹಾಕಿಕೊಳ್ಳಲು ಒಂದು ವಸ್ತು, ಅದೇ ಕತೆಗೆ ಸೇರಿದ ಒಂದು ಆಟ. ಈ ಮೂರಿದ್ದರೆ ಥೀಮ್ ಆಯಿತು. ಮಿಕ್ಕದ್ದನ್ನೆಲ್ಲ ಎರಡು ಬಣ್ಣ ನೋಡಿಕೊಳ್ಳುತ್ತವೆ.

ಥೀಮ್ ಆರಿಸುವಾಗ ಕಾರ್ಟೂನ್ ಪಾತ್ರಗಳಿಂದ ದೂರ ಇರಿ. ಪಾತ್ರ ಅಂದ ಮೇಲೆ ಆ ಮುಖ ಇರುವ ತಟ್ಟೆ, ಲೋಟ, ಟೋಪಿಯೇ ಬೇಕಾಗುತ್ತದೆ. ಅಂಥವು ಸಾದಾ ಸಾಮಾನಿಗಿಂತ ತುಟ್ಟಿ, ಇನ್ನೊಂದು ಸಲ ಬಳಸಲೂ ಆಗುವುದಿಲ್ಲ. ಜೊತೆಗೆ, ತಿಂಗಳ ಹಿಂದೆ ಪ್ರಾಣವಾಗಿದ್ದ ಪಾತ್ರ ಹುಟ್ಟುಹಬ್ಬದ ಹೊತ್ತಿಗೆ ಮಗುವಿಗೆ ಬೇಡವಾಗಿರಬಹುದು. ಕಾಡು, ಕಡಲಾಳ, ಬಾಹ್ಯಾಕಾಶ, ರೈಲು ಇಂಥವನ್ನು ಆರಿಸಿದರೆ ಬಣ್ಣದ ಕಾಗದ ಮತ್ತು ರಟ್ಟಿನಲ್ಲೇ ಕೆಲಸ ಮುಗಿಯುತ್ತದೆ. ಇಲ್ಲಿ ಬಾಹ್ಯಾಕಾಶವನ್ನೇ ಹಿಡಿದು ಹೇಳುತ್ತೇನೆ. ಬಣ್ಣ ಕಡುನೀಲಿ ಮತ್ತು ಬಿಳಿ.

ಮೊದಲು ಲೆಕ್ಕ. ಮಗುವಿನ ವಯಸ್ಸಿಗೆ ಒಂದು ಕೂಡಿಸಿ ಅಷ್ಟೇ ಮಕ್ಕಳನ್ನು ಕರೆಯಿರಿ ಅನ್ನುವ ಹಳೆಯ ಸೂತ್ರವೊಂದಿದೆ. ಅದನ್ನು ಅಕ್ಷರಶಃ ಪಾಲಿಸುವುದು ಕಷ್ಟ. ಆದರೂ ಖರ್ಚು ನಿಜವಾಗಿ ಇಳಿಯುವುದು ಈ ಒಂದು ಸಂಖ್ಯೆಯಿಂದ ಮಾತ್ರ, ಬಲೂನಿನ ಚೌಕಾಸಿಯಿಂದಲ್ಲ. ಮೂರು ವರ್ಷದವರಿಗೆ ಒಂದೂವರೆ ಗಂಟೆ ಸಾಕು, ಐದಾರು ವರ್ಷದವರಿಗೆ ಎರಡು ಗಂಟೆ. ಮಧ್ಯಾಹ್ನದ ನಿದ್ದೆಯ ಹೊತ್ತನ್ನು ಬಿಟ್ಟು ಇಟ್ಟುಕೊಳ್ಳಿ. ಆಮಂತ್ರಣದಲ್ಲಿ ಶುರುವಾಗುವ ಸಮಯದ ಪಕ್ಕದಲ್ಲೇ ಮುಗಿಯುವ ಸಮಯವನ್ನೂ ಬರೆಯಿರಿ. ಇದರಲ್ಲಿ ಸಂಕೋಚದ ಮಾತೇ ಇಲ್ಲ. ಅದನ್ನು ಬರೆಯದಿದ್ದರೆ ಕೊನೆಯ ಒಂದು ಗಂಟೆ ಸುಸ್ತಾದ ಮಕ್ಕಳ ಅಳುವಿನಲ್ಲಿ ಕಳೆಯುತ್ತದೆ.

ಈಗ ಆ ದೊಡ್ಡ ವಸ್ತು. ಫ್ರಿಜ್ ಅಥವಾ ವಾಷಿಂಗ್ ಮಷೀನ್ ಬಂದ ರಟ್ಟಿನ ಪೆಟ್ಟಿಗೆ ಸಿಕ್ಕರೆ ರಾಕೆಟ್‌ಗೆ ಅರ್ಧ ಕೆಲಸ ಆದಂತೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಎರಡು ವಾರ ಮೊದಲೇ ಹೇಳಿಟ್ಟರೆ ಪುಕ್ಕಟೆಯಾಗಿ ಸಿಗುವುದುಂಟು. ಪೆಟ್ಟಿಗೆ ತಂದ ಕೂಡಲೇ ಅಂಚಿನಲ್ಲಿರುವ ಲೋಹದ ಪಿನ್ನುಗಳನ್ನು ಇಕ್ಕಳದಿಂದ ಕಿತ್ತು, ಆ ಜಾಗಕ್ಕೆ ಅಗಲ ಟೇಪ್ ಹಾಕಿ. ಮಕ್ಕಳ ಕೈ ಗೀರುವುದು ಆ ಪಿನ್ನುಗಳಿಂದಲೇ.

ರಟ್ಟಿನ ನಡುವೆ ಅಲೆಅಲೆಯಾದ ಪದರ ಇರುತ್ತದಲ್ಲ, ಅದರ ಗೆರೆಗಳು ಮೇಲಿನಿಂದ ಕೆಳಕ್ಕೆ ಇರುವಂತೆ ಪೆಟ್ಟಿಗೆಯನ್ನು ನಿಲ್ಲಿಸಿ. ಅಡ್ಡಡ್ಡ ಇದ್ದರೆ ಮಕ್ಕಳು ಒರಗಿದಾಗ ಗೋಡೆ ಕುಸಿಯುತ್ತದೆ. ಮಡಿಕೆ ಕೂಡ ಅಷ್ಟೇ. ಗೆರೆಯ ಗುಂಟ ಮಡಿಸಿದರೆ ನೇರ ಬರುತ್ತದೆ. ಗೆರೆಗೆ ಅಡ್ಡವಾಗಿ ಮಡಿಸಲೇಬೇಕಾದರೆ ಸ್ಕೇಲ್ ಇಟ್ಟು, ರೀಫಿಲ್ ಮುಗಿದ ಪೆನ್ನಿನಿಂದ ಒತ್ತಿ ಗೀರಿಕೊಂಡು ಮಡಿಸಿ, ಇಲ್ಲದಿದ್ದರೆ ಬೇಡದ ಕಡೆಯೆಲ್ಲ ಮುರಿಯುತ್ತದೆ. ಬಾಗಿಲನ್ನು 45 ಸೆಂಟಿಮೀಟರ್ ಅಗಲ, 70 ಸೆಂಟಿಮೀಟರ್ ಎತ್ತರಕ್ಕೆ ಮೂರು ಬದಿ ಮಾತ್ರ ಕತ್ತರಿಸಿ. ನಾಲ್ಕನೆಯ ಬದಿ ಗೆರೆಯ ಗುಂಟ ಇದ್ದರೆ ಅದೇ ಕೀಲು. ಕಿಟಕಿ 85ರಿಂದ 90 ಸೆಂಟಿಮೀಟರ್ ಎತ್ತರದಲ್ಲಿರಲಿ, ನಿಮ್ಮ ಕಣ್ಣಿನ ಮಟ್ಟಕ್ಕಲ್ಲ. ಹಿಂದಿನ ಬದಿಯಲ್ಲಿ ಎರಡನೇ ಬಾಗಿಲು ಕೊಡಲೇಬೇಕು. ಒಂದೇ ಬಾಗಿಲಿದ್ದರೆ ಒಳಗಿದ್ದವನು ಹೊರಬರಲಾಗದೆ, ಹೊರಗಿದ್ದವನು ಕಾಯಲಾಗದೆ ತಳ್ಳಾಟ ಶುರುವಾಗುತ್ತದೆ. ಎರಡಿದ್ದರೆ ಮಕ್ಕಳು ತಾವಾಗಿಯೇ ಸುತ್ತು ಹಾಕತೊಡಗುತ್ತಾರೆ, ನೀವು ಕಲಿಸಬೇಕಾಗಿಲ್ಲ.

ಬಣ್ಣ ಹಚ್ಚುವಾಗ ಎಲ್ಲರಿಗೂ ಎದುರಾಗುವ ತೊಂದರೆ, ರಟ್ಟು ಬಿಲ್ಲಿನಂತೆ ಬಾಗುವುದು. ಒಂದು ಬದಿಯ ಕಾಗದ ಮಾತ್ರ ನೀರು ಕುಡಿದು ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ಎಳೆಯುತ್ತದೆ. ಒಳಬದಿಗೂ ಒಂದು ತೆಳು ಕೋಟ್ ಹಚ್ಚಿದರೆ ಎಳೆತ ಸಮನಾಗುತ್ತದೆ. ದಪ್ಪನೆಯ ಒಂದೇ ಕೋಟ್‌ಗಿಂತ ತೆಳ್ಳಗಿನ ಎರಡು ಒಳ್ಳೆಯದು. ಪೋಸ್ಟರ್ ಕಲರ್ ಬೇಡ, ಬೆವರಿದ ಕೈ ತಾಗಿದರೆ ಬಟ್ಟೆಗೆಲ್ಲ ಅಂಟುತ್ತದೆ. ಮನೆಗೆ ಬಳಿದು ಉಳಿದ ನೀರಿನ ಪೇಂಟ್ ಸಾಕು. ಮೂರು ದಿನ ಮೊದಲೇ ಬಳಿದಿಟ್ಟರೆ ವಾಸನೆಯೂ ಹೋಗಿರುತ್ತದೆ.

ಮೇಲಿನ ಶಂಕುವಿನಾಕಾರದ ಮೂತಿಯನ್ನು ಊಹೆಯ ಮೇಲೆ ಕತ್ತರಿಸಿ ಕಾಗದ ಹಾಳು ಮಾಡುವವರೇ ಹೆಚ್ಚು. ಅರ್ಧವೃತ್ತವನ್ನು ಸುತ್ತಿದರೆ ಸಿಗುವ ಶಂಕುವಿನ ಬಾಯಿಯ ಅಗಲ ಆ ಅರ್ಧವೃತ್ತದ ತ್ರಿಜ್ಯದಷ್ಟೇ ಇರುತ್ತದೆ. ಬಾಯಿ 50 ಸೆಂಟಿಮೀಟರ್ ಬೇಕಿದ್ದರೆ, ಅಂಟಿಸುವ ಅಂಚಿಗೂ ಸೇರಿಸಿ 53 ಸೆಂಟಿಮೀಟರ್ ತ್ರಿಜ್ಯ ಹಿಡಿಯಿರಿ. ರಟ್ಟು ಇಷ್ಟು ದುಂಡಗೆ ಸುತ್ತಿಕೊಳ್ಳುವುದಿಲ್ಲ, ಚಾರ್ಟ್ ಪೇಪರ್ ಜೋಡಿಸಿಕೊಳ್ಳಿ. ಟೋಪಿಗೂ ಇದೇ ಲೆಕ್ಕ. ಎ4 ಹಾಳೆಯ ಉದ್ದ ಬದಿ 29.7 ಸೆಂಟಿಮೀಟರ್, ಅದನ್ನೇ ವ್ಯಾಸವಾಗಿ ಹಿಡಿದು ಅರ್ಧವೃತ್ತ ಕತ್ತರಿಸಿದರೆ ಟೋಪಿಯ ಬಾಯಿ 14 ಸೆಂಟಿಮೀಟರ್ ಚಿಲ್ಲರೆ. ಪುಟ್ಟ ಮಕ್ಕಳ ನೆತ್ತಿಯ ಮೇಲೆ ಕೂರುತ್ತದೆ.

ಆದರೂ ಟೋಪಿಗಿಂತ ಪಟ್ಟಿಯಂತಿರುವ ಕಿರೀಟಕ್ಕೇ ನನ್ನ ಓಟು. ಗಲ್ಲಕ್ಕೆ ಎಲಾಸ್ಟಿಕ್ ಹಾಕಿಸಿಕೊಳ್ಳಲು ಈ ವಯಸ್ಸಿನವರು ಒಪ್ಪುವುದಿಲ್ಲ, ಮುಖವಾಡವನ್ನಂತೂ ನಿಮಿಷದೊಳಗೆ ಕಿತ್ತೆಸೆಯುತ್ತಾರೆ. ಮೂರರಿಂದ ಐದು ವರ್ಷದವರ ತಲೆಯ ಸುತ್ತಳತೆ 50 ಸೆಂಟಿಮೀಟರ್ ಆಸುಪಾಸು. ಎ4 ಅಳತೆಯ ದಪ್ಪ ಕಾಗದದ ಎರಡು ಉದ್ದ ಪಟ್ಟಿಗಳನ್ನು 2 ಸೆಂಟಿಮೀಟರ್ ಒಂದರ ಮೇಲೊಂದು ಇಟ್ಟು ಅಂಟಿಸಿದರೆ 57 ಸೆಂಟಿಮೀಟರ್ ಸಿಗುತ್ತದೆ, ಯಾವ ತಲೆಗಾದರೂ ಆಯಿತು. ಮೊದಲೇ ಉಂಗುರ ಮಾಡಿಡಬೇಡಿ. ಮಗು ಬಣ್ಣ ಹಚ್ಚಿ ಮುಗಿಸಿದ ಮೇಲೆ ತಲೆಗೆ ಸುತ್ತಿ ಟೇಪ್ ಹಾಕಿ. ಸ್ಟೇಪ್ಲರ್ ಹೊಡೆದರೆ ಪಿನ್ನಿನ ಮೊನೆ ಹೊರಗಿರಬೇಕು, ಅದರ ಮೇಲೆ ಟೇಪ್ ಇರಬೇಕು. ಅತಿಥಿಗಳು ಎಂದೂ ಒಟ್ಟಿಗೆ ಬರುವುದಿಲ್ಲವಲ್ಲ, ಮೊದಲ ಇಪ್ಪತ್ತು ನಿಮಿಷಕ್ಕೆ ಈ ಬಣ್ಣ ಹಚ್ಚುವ ಕೆಲಸವೇ ಸರಿ.

ತೋರಣದ ವಿಷಯದಲ್ಲಿ ಒಂದು ಮಾತು. ಅಂತರ್ಜಾಲದಲ್ಲಿ ಸಿಗುವ ತ್ರಿಕೋನದ ಮಾದರಿಗಳು ಇಂಗ್ಲಿಷ್ ಅಕ್ಷರಕ್ಕೆ ಮಾಡಿದವು. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ತ್ರಿಕೋನದಲ್ಲಿ ಜಾಗವಿಲ್ಲದಿರುವುದೂ ಅಲ್ಲೇ. 'ಹುಟ್ಟುಹಬ್ಬ' ಬರೆಯಲು ಹೋದರೆ ಟ ಒತ್ತು, ಬ ಒತ್ತು ಎರಡೂ ತುದಿಯಲ್ಲಿ ಸಿಕ್ಕಿ ಒದ್ದಾಡುತ್ತವೆ. ಆಯತಾಕಾರದ ಪಟ್ಟಿ ಮಾಡಿ, ಬೇಕಿದ್ದರೆ ಕೆಳಗೆ ಸಣ್ಣ ವಿ ಆಕಾರದ ಸೀಳು ಕೊಡಿ. 'ಹುಟ್ಟುಹಬ್ಬದ ಶುಭಾಶಯಗಳು' ಎಂಬುದಕ್ಕೆ ಅಕ್ಷರಕ್ಕೊಂದರಂತೆ 11 ಪಟ್ಟಿ ಬೇಕು, ನಡುವಿನ ಅಂತರಕ್ಕೆ ಒಂದು ನಕ್ಷತ್ರ. ಇಂಕ್‌ಜೆಟ್ ಪ್ರಿಂಟ್ ಆದರೆ ಒದ್ದೆ ಕೈ ತಾಗಿಸಬೇಡಿ, ಬಣ್ಣ ಹರಡುತ್ತದೆ.

ಕ್ರೇಪ್ ಪೇಪರ್ ಅಗ್ಗ, ಆದರೆ ನೀರು ತಾಗಿದರೆ ಬಣ್ಣ ಬಿಡುತ್ತದೆ. ಅದನ್ನು ಊಟದ ಮೇಜಿಗಾಗಲಿ ಕೇಕಿನ ಸುತ್ತಲಾಗಲಿ ಬಳಸಬೇಡಿ. ಒಳ್ಳೆಯ ಜಾಗವೆಂದರೆ ಬಾಗಿಲು. ಚೌಕಟ್ಟಿನಿಂದ ಮೊಣಕಾಲಿನವರೆಗೆ ಪಟ್ಟಿಗಳನ್ನು ಇಳಿಬಿಟ್ಟರೆ ಮಕ್ಕಳು ಅದನ್ನು ಸೀಳಿಕೊಂಡು ಒಳಗೆ ಬರುತ್ತಾರೆ, ಆ ಕ್ಷಣದಿಂದಲೇ ಬೇರೊಂದು ಲೋಕ. ಎತ್ತಿ ಹೇಳಬೇಕಾದ ಇನ್ನೊಂದು ತಪ್ಪು: ಸೀಲಿಂಗ್ ಫ್ಯಾನಿನಿಂದ ಮೂಲೆಗಳಿಗೆ ಪಟ್ಟಿ ಕಟ್ಟುವುದು. ಆಮೇಲೆ ಫ್ಯಾನ್ ಹಾಕುವಂತಿಲ್ಲ, ಕೋಣೆ ತುಂಬ ಜನ. ಗೋಡೆಗೆ ಮಾಸ್ಕಿಂಗ್ ಟೇಪ್ ಮಾತ್ರ. ಫೋಮ್ ಇರುವ ಡಬಲ್ ಸೈಡ್ ಟೇಪ್ ಗೋಡೆಯ ಬಣ್ಣವನ್ನು ಕಿತ್ತುಕೊಂಡೇ ಬರುತ್ತದೆ, ಉಳಿಸಿದ ದುಡ್ಡು ಪೇಂಟರ್ ಕೈಗೆ ಹೋಗುತ್ತದೆ.

ಬಲೂನ್ ಕಮಾನು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎರಡು ಮೀಟರ್ ಕಮಾನು ತುಂಬಿದಂತೆ ಕಾಣಬೇಕೆಂದರೆ ದೊಡ್ಡದು ಸಣ್ಣದು ಸೇರಿ ಸುಮಾರು 80 ಬಲೂನ್ ಬೇಕು. ಕೈ ಪಂಪಿನಲ್ಲಿ ಅಷ್ಟನ್ನೂ ಊದಿ ಗಂಟು ಹಾಕುವಷ್ಟರಲ್ಲಿ ಸಂಜೆಯೇ ಮುಗಿದಿರುತ್ತದೆ. ಎರಡೆರಡು ಬಲೂನ್‌ಗಳ ಬಾಯಿ ಕಟ್ಟಿ, ಅಂಥ ಎರಡು ಜೋಡಿಗಳನ್ನು ತಿರುಚಿದರೆ ನಾಲ್ಕರ ಗೊಂಚಲು ತಾನಾಗಿ ನಿಲ್ಲುತ್ತದೆ. ಇಂಥ ಐದಾರು ಗೊಂಚಲು ಸಾಕು. 12 ಇಂಚಿನದನ್ನು 10 ಇಂಚಿಗೇ ನಿಲ್ಲಿಸಿ. ರಟ್ಟಿನಲ್ಲಿ 25 ಸೆಂಟಿಮೀಟರ್ ಅಗಲದ ತೂತು ಕೊರೆದು ಅಳೆದರೆ ಎಲ್ಲವೂ ಒಂದೇ ಗಾತ್ರ ಬರುತ್ತವೆ. ಬಲೂನ್ ಪೇರಳೆ ಆಕಾರಕ್ಕೆ ತಿರುಗಿದರೆ ಗಾಳಿ ಅತಿಯಾಯಿತೆಂದು ಅರ್ಥ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಮೊದಲು ಒಡೆಯುವುದು ಅವೇ. ಒಡೆದ ತುಂಡುಗಳನ್ನು ಆಗಿಂದಾಗಲೇ ಹೆಕ್ಕಲು ಒಬ್ಬ ದೊಡ್ಡವರನ್ನು ನೇಮಿಸಿ. ಊದದ ಮತ್ತು ಒಡೆದ ಬಲೂನ್ 8 ವರ್ಷದೊಳಗಿನವರ ಗಂಟಲಿಗೆ ಸಿಕ್ಕಿ ಉಸಿರು ಕಟ್ಟಿಸಬಲ್ಲದು. ತೇಲುವ ಬಲೂನ್ ಯಾರಾದರೂ ತಂದರೆ ಒಳಗಿರುವುದು ಹೀಲಿಯಂ ಹೌದೇ ಎಂದು ಕೇಳಿ. ಹೈಡ್ರೋಜನ್ ಆಗಿದ್ದರೆ ಮೇಣದಬತ್ತಿ ಇರುವ ಮನೆಯೊಳಗೆ ಅದಕ್ಕೆ ಜಾಗವಿಲ್ಲ. ನೊರೆ ಚಿಮ್ಮಿಸುವ ಸ್ಪ್ರೇ ಡಬ್ಬಿಗಳಿಗೂ ಇದೇ ಮಾತು, ಅದರಲ್ಲಿರುವ ಅನಿಲಕ್ಕೆ ಬೆಂಕಿ ಹೊತ್ತಿಕೊಳ್ಳುತ್ತದೆ.

ಆಟಕ್ಕೆ ಬರೋಣ. ಮ್ಯೂಸಿಕಲ್ ಚೇರ್ ನಾಲ್ಕು ವರ್ಷದವರಿಗೆ ಆಟವಲ್ಲ, ಶಿಕ್ಷೆ. ಒಬ್ಬೊಬ್ಬರನ್ನೇ ಹೊರಗಟ್ಟಿ, ಹೊರಬಿದ್ದವರು ಸುಮ್ಮನೆ ಕೂತಿರಬೇಕೆಂದರೆ ಹೇಗೆ? ಹಾಡು ನಿಂತಾಗ ಎಲ್ಲರೂ ಕಲ್ಲಾಗಿ ನಿಲ್ಲುವ ಆಟ ಸಾಕು, ಯಾರೂ ಔಟ್ ಆಗುವುದಿಲ್ಲ. ಹುಡುಕುವ ಆಟದಲ್ಲಿ ಚುರುಕಿನ ಇಬ್ಬರು ಎಲ್ಲವನ್ನೂ ಬಾಚಿಕೊಳ್ಳುತ್ತಾರೆ. ಅದಕ್ಕೆ ಪ್ರತಿ ಮಗುವಿಗೂ ಒಂದು ಬಣ್ಣ ಕೊಟ್ಟು, ಆ ಬಣ್ಣದ ನಕ್ಷತ್ರ ತಲಾ ಐದು ಅಡಗಿಸಿಡಿ. ಮೊಣಕಾಲಿನ ಎತ್ತರದಲ್ಲಿ, ಅರ್ಧ ಕಾಣುವಂತೆ. ಎಲ್ಲಿಟ್ಟಿದ್ದೀರಿ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಒಂದು ಸಿಗದೇ ಹೋದರೆ ಅದನ್ನು ಹುಡುಕುವವರು ನೀವೇ.

ಪಿನ್ಯಾಟಾ, ಅಂದರೆ ಒಳಗೆ ತಿನಿಸು ತುಂಬಿ ತೂಗುಹಾಕಿದ ಡಬ್ಬಿಯನ್ನು ಮಕ್ಕಳು ಒಡೆಯುವ ಆಟ, ಮಾಡುವ ಆಸೆಯಿದ್ದರೆ ಕೋಲಿನಿಂದ ಹೊಡೆಯುವುದು ಬೇಡ. ಕಣ್ಣು ಕಟ್ಟಿದ ಮಗುವಿನ ಕೈಯಲ್ಲಿ ಕೋಲು, ಸುತ್ತ ಅದರದೇ ಎತ್ತರದ ತಲೆಗಳು! ರಟ್ಟಿನ ಡಬ್ಬಿಯ ತಳದಲ್ಲಿ 12 ಸೆಂಟಿಮೀಟರ್ ಚೌಕದ ಮುಚ್ಚಳವನ್ನು ಮೂರು ಬದಿ ಕತ್ತರಿಸಿ, ಒಂದು ತುಂಡು ಟೇಪಿನಿಂದ ಹಗುರವಾಗಿ ಹಿಡಿಸಿ, ರಿಬ್ಬನ್‌ಗಳನ್ನು ಇಳಿಬಿಡುವುದು ವಾಡಿಕೆ. ಅದರಲ್ಲಿ ಒಂದು ರಿಬ್ಬನ್ ಮಾತ್ರ ಮುಚ್ಚಳಕ್ಕೆ ಅಂಟಿರುತ್ತದೆ, ಒಬ್ಬೊಬ್ಬರೇ ಎಳೆಯಬೇಕು. ಆದರೆ ಮೊದಲನೆಯವನಿಗೇ ಆ ರಿಬ್ಬನ್ ಸಿಕ್ಕರೆ ಉಳಿದವರ ಮುಖ ನೋಡಲಾಗದು. ಎಲ್ಲ ರಿಬ್ಬನ್‌ಗಳನ್ನೂ ಮುಚ್ಚಳಕ್ಕೇ ಕಟ್ಟಿ, ಮೂರು ಎಣಿಸಿ ಒಟ್ಟಿಗೆ ಎಳೆಸಿ. ಒಳಗೆ ಬಿಡಿಬಿಡಿಯಾಗಿ ಏನನ್ನೂ ಹಾಕದೆ, ಮಕ್ಕಳಷ್ಟೇ ಸಂಖ್ಯೆಯ ಕಾಗದದ ಪೊಟ್ಟಣಗಳನ್ನು ಇಡಿ.

ಕೇಕ್ ದುಂಡಗಿದ್ದರೆ ಸಮನಾಗಿ ಕತ್ತರಿಸುವುದೇ ಸಾಹಸ. 23×33 ಸೆಂಟಿಮೀಟರ್ ತಟ್ಟೆಯ ಆಯತಾಕಾರದ ಕೇಕಿನಿಂದ 5 ಸೆಂಟಿಮೀಟರ್ ಚೌಕದ 24 ತುಂಡು ಧಾರಾಳವಾಗಿ ಬರುತ್ತವೆ. ಹಿಂದಿನ ದಿನವೇ ಬೇಯಿಸಿ ಪೂರ್ತಿ ತಣಿಸಿ. ಬಿಸಿಯಿದ್ದಾಗಲೇ ಕ್ರೀಮ್ ಬಳಿದರೆ ಜಾರುತ್ತದೆ. ಮೊದಲು ತೆಳ್ಳಗೆ ಒಂದು ಪದರ ಬಳಿದು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟರೆ ಕೇಕಿನ ಪುಡಿ ಅಲ್ಲೇ ಅಂಟಿ ನಿಲ್ಲುತ್ತದೆ, ಎರಡನೇ ಪದರ ಶುಭ್ರವಾಗಿ ಬರುತ್ತದೆ. ಕಡುನೀಲಿ ಬೇಕೆಂದು ಬಣ್ಣ ಸುರಿಯುತ್ತಾ ಹೋಗಬೇಡಿ. ಬಟರ್‌ಕ್ರೀಮಿನ ಬಣ್ಣ ಗಂಟೆಗಳು ಕಳೆದಂತೆ ತಾನೇ ಗಾಢವಾಗುತ್ತದೆ. ಅತಿಯಾದರೆ ಎಲ್ಲರ ಹಲ್ಲೂ ನೀಲಿ. ಕಪ್ಪು ಆಕಾಶ ಬೇಕಿದ್ದರೆ ಕೋಕೋ ಬೆರೆಸಿದ ಕಂದು ಕ್ರೀಮಿನಿಂದ ಶುರು ಮಾಡಿ, ಬಣ್ಣ ತೀರಾ ಕಡಿಮೆ ಸಾಕಾಗುತ್ತದೆ. ಕ್ರಾಫ್ಟ್ ಅಂಗಡಿಯ ಮಿನುಗುಪುಡಿ, ಡಬ್ಬಿಯ ಮೇಲೆ ವಿಷಕಾರಿಯಲ್ಲ ಎಂದು ಬರೆದಿದ್ದರೂ, ತಿನ್ನುವ ವಸ್ತುವಲ್ಲ. ಕಾಗದದ ರಾಕೆಟ್ ಚುಚ್ಚುವುದಾದರೆ ಎರಡೂ ಬದಿ ಪಾರದರ್ಶಕ ಟೇಪ್ ಹಾಕಿ ಐಸ್‌ಕ್ರೀಮ್ ಕಡ್ಡಿಗೆ ಅಂಟಿಸಿ, ಇಲ್ಲದಿದ್ದರೆ ಜಿಡ್ಡು ಹೀರಿ ಕಲೆಯಾಗುತ್ತದೆ. ಟೂತ್‌ಪಿಕ್ ಬೇಡ.

ತಿನಿಸಿನಲ್ಲಿ ಮೂರ್ನಾಲ್ಕು ಬಗೆ ಸಾಕು, ಎಲ್ಲವೂ ಒಂದು ಕೈಯಲ್ಲಿ ಹಿಡಿಯುವಂತಿರಲಿ. ಯಾರಿಗೆ ಯಾವುದರ ಅಲರ್ಜಿ ಎಂದು ಆಮಂತ್ರಣದಲ್ಲೇ ಕೇಳಿಬಿಡಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ. ನಾಲ್ಕು ವರ್ಷದೊಳಗಿನವರಿಗೆ ಪಾಪ್‌ಕಾರ್ನ್ ಬೇಡ, ಐದರೊಳಗಿನವರಿಗೆ ಇಡೀ ಬೀಜಗಳು ಬೇಡ.

ರಿಟರ್ನ್ ಗಿಫ್ಟ್ ಹೆಸರಿನಲ್ಲಿ ಪುಟಾಣಿ ಪ್ಲಾಸ್ಟಿಕ್ ಆಟಿಕೆಗಳ ಚೀಲ ಕೊಡುವುದು ದುಡ್ಡು ದಂಡ. ಅವು ಮನೆ ತಲುಪುವ ಮುಂಚೆಯೇ ಮುರಿದಿರುತ್ತವೆ. ಕೊಡಲೇಬೇಕೆಂದಿದ್ದರೆ ಟಾಯ್ಲೆಟ್ ಪೇಪರಿನ ಖಾಲಿ ಕೊಳವೆಯಲ್ಲಿ ಹಾಕಿ ನೋಡಿ. ಅದರೊಳಗೆ ಹಾದುಹೋಗುವ ಯಾವ ವಸ್ತುವೂ ಮೂರು ವರ್ಷದೊಳಗಿನವರ ಕೈಗೆ ಸೇರಬಾರದು. ನಾಲ್ಕು ಬಣ್ಣದ ಪೆನ್ಸಿಲ್, ಮಡಿಸಿ ಪಿನ್ ಮಾಡಿದ ಖಾಲಿ ಹಾಳೆಗಳ ಪುಸ್ತಕ, ಜೊತೆಗೆ ಮಗು ತಾನೇ ಬಣ್ಣ ಹಚ್ಚಿದ ಕಿರೀಟ, ಇಷ್ಟು ಕೊಟ್ಟರೆ ಆಯಿತು. ಕಿರೀಟದ ಒಳಬದಿಯಲ್ಲಿ ಹೆಸರನ್ನು ಶುರುವಿನಲ್ಲೇ ಬರೆದುಬಿಡಿ. ಹೊರಡುವ ಗಡಿಬಿಡಿಯಲ್ಲಿ ಇದು ನನ್ನದು ಅದು ನಿನ್ನದು ಎಂಬ ಜಗಳ ಬಿಡಿಸುವ ತ್ರಾಣ ಆಗ ಯಾರಿಗೂ ಉಳಿದಿರುವುದಿಲ್ಲ.