ಎಮ್ಮೆ ಕುಡಿದದ್ದು ಸೂರ್ಯನ ಲೆಕ್ಕಕ್ಕೆ

ಮಳೆ, ಗಾಳಿ, ಬಿಸಿಲು ಎಲ್ಲವನ್ನೂ ಹೇಗೋ ಅಳೆಯಬಹುದು. ತಲೆ ತಿನ್ನುವುದು ಆವಿಯಾಗಿ ಹೋಗುವ ನೀರು. ನಾನಿದ್ದ ಹವಾಮಾನ ಕೇಂದ್ರದಲ್ಲಿ ಅದಕ್ಕೊಂದು ತಾಮ್ರದ ಪಾತ್ರೆ ಇತ್ತು. 122 ಸೆಂ.ಮೀ. ಅಗಲ, 25.5 ಸೆಂ.ಮೀ. ಆಳ, ಹೊರಗೆಲ್ಲ ಬಿಳಿ ಬಣ್ಣ, ಕೆಳಗೆ ಮರದ ಪೀಠ. ನೋಡಿದವರೆಲ್ಲ ಕೇಳುತ್ತಿದ್ದುದು ಒಂದೇ: "ಮದುವೆಗೆ ಬಾಡಿಗೆಗೆ ಕೊಡ್ತೀರಾ ಸರ್?"

ಕೆಲಸ ಸುಲಭ. ಪಾತ್ರೆಯೊಳಗೆ ಒಂದು ಚೂಪಾದ ಮುಳ್ಳು ನಿಂತಿರುತ್ತದೆ. ಬೆಳಿಗ್ಗೆ 8.30ಕ್ಕೆ ಹೋಗಿ, ನೀರು ಆ ಮುಳ್ಳಿನ ತುದಿ ಮುಟ್ಟುವ ತನಕ ಅಳೆದು ಸುರಿಯಬೇಕು. ಸುರಿದಷ್ಟು ನಿನ್ನೆಯಿಂದ ಆವಿಯಾಗಿದೆ ಅಂತ ಲೆಕ್ಕ. ಮಳೆ ಬಂದಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜೋರು ಮಳೆಯಲ್ಲಿ ನೀರು ಚಿಮ್ಮಿ ಆಚೆ ಹೋಗಿದ್ದರೆ? ದೇವರೇ ಗತಿ. ಬಿಸಿಲಿಗೆ ಪಾತ್ರೆ ಕಾಯುವುದರಿಂದ ಕೆರೆಗಿಂತ ಇಲ್ಲಿ ಆವಿ ಜಾಸ್ತಿ. ಹಾಗಾಗಿ ಕೆರೆಯ ಲೆಕ್ಕ ಬೇಕಾದರೆ ಬಂದ ಅಂಕಿಯನ್ನು ಸುಮಾರು 0.8ರಿಂದ ಗುಣಿಸುತ್ತಾರೆ.

ಆದರೆ ನೀರು ಯಾರು ಒಯ್ದರು ಅಂತ ಪಾತ್ರೆಗೆ ಗೊತ್ತಾಗೋದಿಲ್ಲ, ಅಲ್ವಾ? ಎಲ್ಲವನ್ನೂ ಸೂರ್ಯನ ಹೆಸರಿಗೇ ಬರೆಯುತ್ತದೆ. ಹಕ್ಕಿ ಕುಡಿಯದಿರಲಿ ಅಂತ ಮೇಲೆ ತಂತಿ ಜಾಲರಿ ಮುಚ್ಚಿರುತ್ತಾರೆ. ನಮ್ಮೂರ ಕಾಗೆಗೆ ಅದು ಕೂತು ಚಪಾತಿ ತಿನ್ನುವ ಜಾಗ. ಎಮ್ಮೆಗಂತೂ ಜಾಲರಿ ಒಂದು ಲೆಕ್ಕವೇ ಅಲ್ಲ, ಕೊಂಬಿನಿಂದ ಎತ್ತಿ ಪಕ್ಕಕ್ಕೆ ಸರಿಸಿಬಿಡುತ್ತದೆ. ಈ ಪಾತ್ರೆಯಲ್ಲಿ 1 ಮಿ.ಮೀ. ಅಂದರೆ ಸುಮಾರು 1.17 ಲೀಟರ್ ನೀರು. ಎಮ್ಮೆ ಒಂದು ಬಕೆಟ್ ಎಳೆದರೆ 12 ಮಿ.ಮೀ. ಮಾಯ! ಡಿಸೆಂಬರಿನ ಚಳಿಯಲ್ಲಿ ಕಡು ಬೇಸಿಗೆಯನ್ನೂ ಮೀರಿಸುವ ಅಂಕಿ. ಪೀಠದ ಸುತ್ತ ಗೊರಸಿನ ಗುರುತು, ಜಾಲರಿಗೆ ಅಂಟಿದ ಜೊಲ್ಲು. ಆ ದಿನದ ಕಾಲಂನಲ್ಲಿ ಅಡ್ಡಗೆರೆ ಎಳೆದೆ.

ಮರುದಿನ ಮುಳ್ಳು ಪೂರ್ತಿ ಮುಳುಗಿತ್ತು. ಮಳೆ ಒಂದು ಹನಿಯೂ ಇಲ್ಲ. ಫೋನಿನಲ್ಲಿ ಮೇಲಿನವರು, "ಏನ್ರೀ, ನಿಮ್ಮಲ್ಲಿ ನೀರು ಆವಿಯಾಗೋದು ಬಿಟ್ಟು ಹುಟ್ತಾ ಇದೆಯಾ?" ಅಂದರು. ಕಾವಲುಗಾರನನ್ನು ಕರೆದೆ. "ಕಮ್ಮಿ ಕಾಣ್ತಿತ್ತು ಸರ್, ಸುಮ್ನೆ ಎರಡು ಕೊಡ ಹಾಕಿದೆ" ಅಂದ, ಹೆಮ್ಮೆಯಿಂದ.

ಕೂರಿಸಿ ಎಲ್ಲ ವಿವರಿಸಿದೆ. ಸೂರ್ಯ ದಿನಕ್ಕೆ ಎಷ್ಟು ನೀರು ಕುಡಿಯುತ್ತಾನೆ ಅಂತ ನೋಡೋಕೆ ಇದನ್ನ ಇಟ್ಟಿರೋದು ಅಂದೆ. ತಲೆ ಕೆರೆದುಕೊಂಡು ಕೇಳಿದ:

"ಅವನು ದಿನಾ ಕುಡಿದ್ರೂ ಬರ್ಕೊಂಡು ಸುಮ್ನಿರ್ತೀರಿ. ನಮ್ಮ ಎಮ್ಮೆ ಒಂದಿನ ಕುಡಿದಿದ್ದಕ್ಕೆ ಇಷ್ಟು ಗಲಾಟೆನಾ ಸರ್?"